ಸೂರು ಒಂದು ಅಡಿ ಮುಂದೆ ಬಂದರೆ ಎಷ್ಟು ಸ್ಕೆಚ್ ಬದಲಾಗಬೇಕು?

ಇಳಿಜಾರಿನಲ್ಲಿ ನಿಂತ ಒಂದು ಹೆಂಚಿನ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಡಿಕೇರಿ ಸುತ್ತಮುತ್ತ ಇಂಥವು ಬೇಕಾದಷ್ಟಿವೆ. ಗೋಡೆಯ ಮೇಲ್ತುದಿ ನೆಲದಿಂದ 9 ಅಡಿ, ಮಾಡಿನ ಇಳಿಜಾರು 30 ಡಿಗ್ರಿ, ಸೂರು ಗೋಡೆಯಿಂದ ಎರಡೂವರೆ ಅಡಿ ಹೊರಗೆ. ಜುಲೈ ಮಳೆಯ ಎರಚಲು ಜಗಲಿಯವರೆಗೂ ಬರುತ್ತದೆ, ಸೂರನ್ನು ಇನ್ನೊಂದು ಅಡಿ ಮುಂದೆ ತರೋಣ ಎಂದು ಮನೆಯವರು ಹೇಳುತ್ತಾರೆ. ಕೇಳಲು ಸಣ್ಣ ಮಾತು. ಆದರೆ 30 ಡಿಗ್ರಿ ಮಾಡಿನಲ್ಲಿ ಒಂದು ಅಡಿ ಮುಂದೆ ಹೋದ ಸೂರು ಸುಮಾರು 7 ಇಂಚು ಕೆಳಗೂ ಇಳಿಯುತ್ತದೆ. ನೆಲದಿಂದ ಏಳೂವರೆ ಅಡಿಯಲ್ಲಿದ್ದ ಹೆಂಚಿನ ತುದಿ ಈಗ 7 ಅಡಿಗೆ ಬಂತು. ಅದರ ಕೆಳಗೆ 5 ಇಂಚು ಆಳದ ಗಟರ್ ಕಟ್ಟಿದರೆ ಗಟರಿನ ತಳ ಹತ್ತಿರ ಹತ್ತಿರ ಆರೂವರೆ ಅಡಿ. ಕೊಡೆ ಹಿಡಿದು ಬಂದವರಿಗೆ ತಗಲುತ್ತದೆ. ಗಟರ್ ಹಿಡಿಯುವ ಬ್ರಾಕೆಟ್ಟಿನ ಜಾಗ ಬದಲಾಯಿತು. ನೀರು ನೆಲಕ್ಕೆ ಬೀಳುವ ಗೆರೆ ಒಂದು ಅಡಿ ಹೊರಗೆ ಹೋಯಿತು, ಅದರ ಜೊತೆಗೆ ಚರಂಡಿಯೂ. ಮನೆಯ ಹಿಂಬದಿಯಲ್ಲಾದರೆ ಆ ಚರಂಡಿ ಬರೆಯ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣುಗೋಡೆಯ, ಬುಡಕ್ಕೆ ಒಂದು ಅಡಿ ಹತ್ತಿರವಾಯಿತು. 2018ರ ಆಗಸ್ಟಿನ ಭೂಕುಸಿತ ಕಂಡ ಕೊಡಗಿನಲ್ಲಿ ಬರೆಯ ಬುಡದಲ್ಲಿ ಒಂದು ಅಡಿ ಅಗೆಯುವುದನ್ನು ಯಾರೂ ಹಗುರಾಗಿ ತೆಗೆದುಕೊಳ್ಳಬಾರದು.

ಒಂದು ಅಡಿಗೆ ಐದು ಸ್ಕೆಚ್: ಮನೆಯ ನಕ್ಷೆ, ಛೇದ (ಮನೆಯನ್ನು ಸೀಳಿ ಪಕ್ಕದಿಂದ ನೋಡಿದ ಚಿತ್ರ), ಸೂರಿನ ಬಿಡಿಚಿತ್ರ (ಆ ಭಾಗವನ್ನಷ್ಟೇ ಹಿಗ್ಗಿಸಿ ಬರೆದದ್ದು), ಬ್ರಾಕೆಟ್ಟಿನ ಬಿಡಿಚಿತ್ರ, ಜಾಗದ ನಕ್ಷೆ. ಐದೂ ಕೈಯಲ್ಲಿ ಬರೆದವು, ಐದೂ ಬೇರೆ ಬೇರೆ ಹಾಳೆಯಲ್ಲಿ. ಮೂರನ್ನು ತಿದ್ದಿ ಎರಡನ್ನು ಮರೆತರೆ ಮೇಸ್ತ್ರಿ ಹಳೆಯ ಜಾಗದಲ್ಲೇ ಚರಂಡಿ ಅಗೆಯುತ್ತಾರೆ. ತಪ್ಪು ಅವರದಲ್ಲ, ಅವರ ಕೈಯಲ್ಲಿರುವ ಹಾಳೆಯದು. ಕೈಚಿತ್ರಗಳನ್ನು ಡಿಜಿಟಲ್ ವೈಟ್‌ಬೋರ್ಡಿಗೆ ಏರಿಸಿ ಒಂದಕ್ಕೊಂದು ಜೋಡಿಸುವುದು ಇದಕ್ಕಾಗಿ. ಬೋರ್ಡ್ ನೋಡಲು ಚೆನ್ನಾಗಿ ಕಾಣಲಿ ಎಂದಲ್ಲ, ಒಂದು ಅಳತೆ ಅಲುಗಿದರೆ ಎಲ್ಲೆಲ್ಲಿ ಅಲುಗುತ್ತದೆ ಎಂಬುದು ಗೊತ್ತಾಗಲಿ ಎಂದು.

ಹಾಗಾಗಿ ಬಾಣಕ್ಕೆ ಒಂದೇ ಅರ್ಥ ಇಟ್ಟುಕೊಳ್ಳಬೇಕು: ಬಾಲದ ಕಡೆಯ ಚಿತ್ರ ಬದಲಾದರೆ ತಲೆಯ ಕಡೆಯ ಚಿತ್ರವನ್ನು ತೆರೆದು ನೋಡಲೇಬೇಕು. ‘ಇವೆರಡಕ್ಕೂ ಏನೋ ಸಂಬಂಧವಿದೆ’ ಎಂದು ಎಳೆದ ಬಾಣ ವ್ಯರ್ಥ. ಒಂದೇ ಮನೆಯ ಚಿತ್ರಗಳಿಗೆಲ್ಲ ಒಂದಕ್ಕೊಂದು ಸಂಬಂಧ ಇದ್ದೇ ಇರುತ್ತದೆ.

ನಾನಿಲ್ಲಿ ಹೆಚ್ಚಾಗಿ ಎಕ್ಸ್‌ಕ್ಯಾಲಿಡ್ರಾ ಎಂಬ ವೈಟ್‌ಬೋರ್ಡ್ ಇಟ್ಟುಕೊಂಡು ಬರೆಯುತ್ತೇನೆ. ಅದು ಉಚಿತ, ಮುಕ್ತ ತಂತ್ರಾಂಶ, ಖಾತೆ ಬೇಕಿಲ್ಲ, ಕಡತ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮಿರೊ, ಫಿಗ್‌ಜ್ಯಾಮ್ ಬಳಸುವವರಿಗೂ ತತ್ವ ಇದೇ, ಬಟನ್‌ಗಳ ಹೆಸರು ಬೇರೆ.

ಮೊದಲ ಕೆಲಸ ಹಾಳೆಯ ಮೇಲೆ

ಬೋರ್ಡಿನಲ್ಲಿ ಬರುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಹಾಳೆಯಲ್ಲೇ ಹುಟ್ಟಿರುತ್ತವೆ. ಪ್ರತಿ ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಒಂದು ಗುರುತು ಬರೆಯಿರಿ. ಜಾಗದ ನಕ್ಷೆಗೆ ‘ಜಾ’, ಮನೆಯ ನಕ್ಷೆಗೆ ‘ನ’, ಛೇದಕ್ಕೆ ‘ಛೇ’, ಬಿಡಿಚಿತ್ರಕ್ಕೆ ‘ಬಿ’. ಪಕ್ಕದಲ್ಲಿ ಸಂಖ್ಯೆ: ಛೇ-2, ಬಿ-4. ತಿದ್ದಿದ ಪ್ರತಿಗೆ ಚುಕ್ಕಿ ಹಾಕಿ ಮುಂದಿನ ಸಂಖ್ಯೆ: ಬಿ-4.2. ‘ಹೊಸ ಸೂರು’, ‘ಫೈನಲ್ ಸೂರು’ ಎಂಬ ಹೆಸರುಗಳು ಎರಡೇ ವಾರದಲ್ಲಿ ಕೈಕೊಡುತ್ತವೆ.

ಹಾಳೆಯಲ್ಲಿ ‘1:50’ ಎಂದು ಚಿತ್ರದ ಪ್ರಮಾಣ ಬರೆಯಬೇಡಿ. ಫೋಟೋ ತೆಗೆದು ಬೋರ್ಡಿಗೆ ಹಾಕಿ ಮೂಲೆ ಹಿಡಿದು ಎಳೆದ ಕ್ಷಣವೇ ಆ ಮಾತು ಸುಳ್ಳಾಗುತ್ತದೆ. ಬದಲಿಗೆ ಚಿತ್ರದ ಅಡಿಯಲ್ಲಿ ಒಂದು ಅಳತೆಗೆರೆ ಎಳೆದು ‘ಇಷ್ಟು ಉದ್ದ = 5 ಅಡಿ’ ಎಂದು ಬರೆಯಿರಿ. ಚಿತ್ರ ಹಿಗ್ಗಲಿ ಕುಗ್ಗಲಿ, ಗೆರೆಯೂ ಜೊತೆಗೇ ಹಿಗ್ಗಿ ಕುಗ್ಗುತ್ತದೆ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಬೇಕಾದಾಗ ಎರಡರ ಅಳತೆಗೆರೆಗಳನ್ನು ಸಮ ಮಾಡಿದರೆ ಮುಗಿಯಿತು. ಚಿತ್ರದ ನಾಲ್ಕು ಮೂಲೆಗಳಲ್ಲೂ ಸಣ್ಣ ಕೂಡುಗುರುತು ಹಾಕಿ, ಅವು ಒಂದು ಸರಿಯಾದ ಆಯತದ ಮೂಲೆಗಳಾಗಿರಲಿ. ಓರೆಯಾಗಿ ತೆಗೆದ ಫೋಟೋವನ್ನು ನೆಟ್ಟಗೆ ಮಾಡುವಾಗ ಹಾಳೆಯ ಅಂಚಿಗಿಂತ ಈ ಗುರುತುಗಳೇ ನಂಬಿಕೆಗೆ ಯೋಗ್ಯ. ಮಳೆಗಾಲದಲ್ಲಿ ಹಾಳೆಯ ಅಂಚು ನೆಟ್ಟಗಿರುವುದಿಲ್ಲ.

ಕೊಡಗಿನ ಮಳೆಗಾಲ ಕಾಗದಕ್ಕೆ ಶತ್ರು. ಜೂನ್ ಮಧ್ಯದಿಂದ ಸೆಪ್ಟೆಂಬರಿನವರೆಗೆ ಟ್ರೇಸಿಂಗ್ ಕಾಗದ ತೇವ ಹೀರಿ ಸುರುಳಿ ಸುತ್ತುತ್ತದೆ, ಜೆಲ್ ಪೆನ್ನಿನ ಶಾಯಿ ಕೈ ತಾಗಿದ ಕಡೆ ಹರಡುತ್ತದೆ. ಪೆನ್ಸಿಲಿನಲ್ಲಿ ಬರೆದು, ಮುಖ್ಯ ಗೆರೆಗಳ ಮೇಲೆ 0.5 ಮಿ.ಮೀ. ನೀರಿಗೆ ಕರಗದ ಕಪ್ಪು ಶಾಯಿಯ ಪೆನ್ನು ಹಾಯಿಸಿ. ಬರೀ ಎಚ್‌ಬಿ ಪೆನ್ಸಿಲಿನ ಗೆರೆ ಫೋಟೋದಲ್ಲಿ ಬೂದು ಬಣ್ಣದ ಹಾಳೆಯೊಳಗೆ ಮುಳುಗಿಹೋಗುತ್ತದೆ. ಒದ್ದೆ ಹಾಳೆಯನ್ನು ಒಲೆಯ ಹತ್ತಿರ ಹಿಡಿದು ಒಣಗಿಸಬೇಡಿ, ಒಂದು ಬದಿ ಬೇಗ ಒಣಗಿ ಚಿತ್ರವೇ ಬಾಗುತ್ತದೆ. ಎರಡು ರಟ್ಟಿನ ನಡುವೆ ಇಟ್ಟು ಮೇಲೆ ಭಾರ ಹೇರಿ.

ಫೋಟೋ ತೆಗೆಯುವಾಗ ಬೆಳಕು ಕಿಟಕಿಯ ಕಡೆಯಿಂದ, ಒಂದೇ ಬದಿಯಿಂದ ಬರಲಿ. ತಲೆಯ ಮೇಲಿನ ಬಲ್ಬು ಬೇಡ, ಫೋನಿನ ನೆರಳು ಹಾಳೆಯ ನಡುವೆ ಕೂರುತ್ತದೆ. ಫೋನಿನ ಸ್ಕ್ಯಾನ್ ಆ್ಯಪ್‌ನಲ್ಲಿ ‘ಕಪ್ಪು-ಬಿಳುಪು’ ಆರಿಸಬೇಡಿ, ಬೂದುಛಾಯೆ ಆರಿಸಿ. ಕಪ್ಪು-ಬಿಳುಪು ಆರಿಸಿದರೆ ಮರದ ಭಾಗಕ್ಕೆ ಎಳೆದ ತೆಳು ಗೀಟುಗಳೆಲ್ಲ ಅಳಿಸಿಹೋಗಿ ಮರ ಯಾವುದು ಗೋಡೆ ಯಾವುದು ತಿಳಿಯದಂತಾಗುತ್ತದೆ.

1440 ಎಂಬ ಸಂಖ್ಯೆ

ಎಕ್ಸ್‌ಕ್ಯಾಲಿಡ್ರಾದ ಉಚಿತ ಜಾಲತಾಣ ನೀವು ಹಾಕಿದ ಫೋಟೋವನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಉದ್ದದ ಬದಿ 1440 ಪಿಕ್ಸೆಲ್ ಮೀರಿದರೆ ಕುಗ್ಗಿಸುತ್ತದೆ. ಇದು ಗೊತ್ತಿಲ್ಲದೆ ಎ3 ಹಾಳೆಯನ್ನು ಒಂದೇ ಫೋಟೋದಲ್ಲಿ ಹಾಕಿ, ಹಿಗ್ಗಿಸಿ ನೋಡಿ, ಅಳತೆ ಓದಲಾಗದೆ ಫೋನನ್ನು ಬೈಯುವವರಿದ್ದಾರೆ. ಲೆಕ್ಕ ಸರಳ. ಎ3ಯ ಉದ್ದ 420 ಮಿ.ಮೀ., ಅಂದರೆ ಹದಿನಾರೂವರೆ ಇಂಚು. 1440ನ್ನು ಅದರಿಂದ ಭಾಗಿಸಿದರೆ ಇಂಚಿಗೆ 87 ಪಿಕ್ಸೆಲ್. 2 ಮಿ.ಮೀ. ಎತ್ತರದ ಕೈಬರಹದ ಅಂಕಿಗೆ ಸಿಗುವುದು 7 ಪಿಕ್ಸೆಲ್ ಮಾತ್ರ, 6 ಯಾವುದು 8 ಯಾವುದು ಹೇಳಲಾಗುವುದಿಲ್ಲ. ಎ4 ಆದರೆ ಇಂಚಿಗೆ 123, ಎ5 ಆದರೆ 174. ಬಿಡಿಚಿತ್ರಗಳನ್ನು ಎ5 ಅಳತೆಯಲ್ಲೇ ಬರೆಯುವುದು ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ. ದೊಡ್ಡ ಛೇದವೊಂದು ಎ3ಯಲ್ಲೇ ಬೇಕೆಂದಾದರೆ ಎರಡು ಅಥವಾ ನಾಲ್ಕು ಭಾಗವಾಗಿ ಫೋಟೋ ತೆಗೆಯಿರಿ. ಭಾಗಗಳ ನಡುವೆ ಎರಡು ಬೆರಳಗಲ ಚಿತ್ರ ಎರಡೂ ಕಡೆ ಬರಲಿ. ಬೋರ್ಡಿನಲ್ಲಿ ಒಂದರ ಅಪಾರದರ್ಶಕತೆಯನ್ನು (ಒಪಾಸಿಟಿ) ಅರ್ಧಕ್ಕೆ ಇಳಿಸಿ ಅಂಚು ಕೂಡಿಸಿ, ಮತ್ತೆ ಪೂರ್ತಿ ಮಾಡಿ, ಎಲ್ಲವನ್ನೂ ಆರಿಸಿ ಕಂಟ್ರೋಲ್-ಜಿ ಒತ್ತಿ ಒಂದೇ ಗುಂಪು ಮಾಡಿ.

ಟ್ಯಾಬ್ಲೆಟ್ಟಿನಲ್ಲಿ ನೇರವಾಗಿ ಪೆನ್ನಿನಿಂದ ಬರೆಯುವವರಿಗೆ ಈ ಗೋಜಿಲ್ಲ. ಆದರೆ ಅಲ್ಲಿ ಪ್ರತಿ ಗೀಟೂ ಒಂದೊಂದು ಬೇರೆ ವಸ್ತು. ಸೂರಿನ ಒಂದು ಚಿತ್ರದಲ್ಲೇ ನೂರಾರು ಗೀಟುಗಳಿರುತ್ತವೆ. ಗುಂಪು ಮಾಡದೆ ಬಾಣ ಜೋಡಿಸಲು ಹೋಗಬೇಡಿ.

ಚಿತ್ರಕ್ಕಲ್ಲ, ಚೌಕಟ್ಟಿಗೆ ಜೋಡಿಸಿ

ಇದು ಈ ಬರಹದ ಅತಿ ಮುಖ್ಯ ಮಾತು, ಹೆಚ್ಚಿನವರು ಎಡವುವುದೂ ಇಲ್ಲೇ. ಬೋರ್ಡಿನ ಮೇಲಿನ ಪ್ರತಿ ವಸ್ತುವಿಗೂ ತಂತ್ರಾಂಶ ಒಳಗೊಳಗೇ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತದೆ. ಲಿಂಕ್ ನೆನಪಿಟ್ಟುಕೊಳ್ಳುವುದು ಆ ಸಂಖ್ಯೆಯನ್ನು, ನೀವು ಬರೆದ ‘ಬಿ-4’ನ್ನಲ್ಲ. ಬಿ-4ರ ಫೋಟೋ ಅಳಿಸಿ ತಿದ್ದಿದ ಬಿ-4.2 ಹಾಕಿದಿರಿ ಎಂದುಕೊಳ್ಳಿ. ಹೊಸ ಫೋಟೋಗೆ ಹೊಸ ಸಂಖ್ಯೆ. ಬಿ-4ಕ್ಕೆ ಬಂದಿದ್ದ ಲಿಂಕುಗಳೆಲ್ಲ ಅಲ್ಲಿಗೇ ಸತ್ತವು, ಬಾಣಗಳ ತುದಿ ಗಾಳಿಯಲ್ಲಿ ತೇಲಿತು. ನಕಲು ಮಾಡಿ ಅಂಟಿಸಿದರೂ ಹೀಗೇ: ನಕಲಿಗೆ ಬೇರೆ ಸಂಖ್ಯೆ, ಹಳೆಯ ಲಿಂಕು ಹಳೆಯದಕ್ಕೇ ಕರೆದೊಯ್ಯುತ್ತದೆ. ಬೋರ್ಡನ್ನೇ ಇಡಿಯಾಗಿ ನಕಲು ಮಾಡಿ ಎರಡನೇ ಮನೆಗೆ ಬಳಸುವವರು ಇಲ್ಲಿ ಬಲೆಗೆ ಬೀಳುತ್ತಾರೆ. ಮಿರೊದಲ್ಲಿ ವಸ್ತುವಿನ ಲಿಂಕಿನೊಳಗೆ ಬೋರ್ಡಿನ ವಿಳಾಸವೂ ಇರುವುದರಿಂದ ಒತ್ತಿದರೆ ಹಳೆಯ ಮನೆಯ ಬೋರ್ಡ್ ತೆರೆದುಕೊಳ್ಳುತ್ತದೆ. ಎರಡೂ ಒಂದೇ ಥರ ಕಾಣುವುದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಪರಿಹಾರ: ಎಫ್ ಕೀಲಿ ಒತ್ತಿ ಒಂದು ಚೌಕಟ್ಟು ಎಳೆಯಿರಿ. ಅದರ ಎಡಮೇಲ್ಗಡೆ ಇರುವ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಬಿ-4 ಸೂರು’ ಎಂದು ಬರೆಯಿರಿ. ಫೋಟೋವನ್ನು ಅದರೊಳಗೆ ಎಳೆದುಹಾಕಿ. ಲಿಂಕು ಕೊಡುವುದು, ಬಾಣ ಜೋಡಿಸುವುದು ಎಲ್ಲ ಈ ಚೌಕಟ್ಟಿಗೆ. ಒಳಗಿನ ಫೋಟೋ ಹತ್ತು ಸಲ ಬದಲಾದರೂ ಚೌಕಟ್ಟು ಅದೇ, ಸಂಖ್ಯೆ ಅದೇ, ಲಿಂಕು ಜೀವಂತ. ಚೌಕಟ್ಟು ಫೋಟೋಗಿಂತ ಸುತ್ತಲೂ ಒಂದಿಷ್ಟು ದೊಡ್ಡದಿರಲಿ. ಹೊರಗೆ ಚಾಚಿದ ಭಾಗವನ್ನು ಚೌಕಟ್ಟು ಕತ್ತರಿಸಿ ತೋರಿಸುತ್ತದೆ, ಅಳತೆಗೆರೆ ಮಾಯವಾದರೆ ಕಾರಣ ಹೆಚ್ಚಾಗಿ ಇದೇ.

ಲಿಂಕ್ ಕೊಡುವ ಬಗೆ ಹೀಗೆ. ಗುರಿಯ ಚೌಕಟ್ಟಿನ ಮೇಲೆ ಬಲಕ್ಲಿಕ್ ಮಾಡಿ ಆ ವಸ್ತುವಿನ ಲಿಂಕನ್ನು ನಕಲು ಮಾಡಿಕೊಳ್ಳಿ. ಲಿಂಕ್ ಎಲ್ಲಿಂದ ಹೊರಡಬೇಕೋ ಆ ವಸ್ತುವನ್ನು ಆರಿಸಿ ಕಂಟ್ರೋಲ್-ಕೆ ಒತ್ತಿ ಅಂಟಿಸಿ. ಈಗ ಅದರ ಮೂಲೆಯಲ್ಲಿ ಸಣ್ಣ ಗುರುತು ಮೂಡುತ್ತದೆ, ಒತ್ತಿದರೆ ಬೋರ್ಡ್ ಜಾರಿಕೊಂಡು ಗುರಿಯ ಚೌಕಟ್ಟಿಗೆ ಹೋಗಿ ನಿಲ್ಲುತ್ತದೆ. ಹೋದ ಮೇಲೆ ವಾಪಸ್ ಬರುವ ದಾರಿಯೂ ಬೇಕು. ಪ್ರತಿ ಚೌಕಟ್ಟಿನೊಳಗೆ ಮೇಲಿನ ಎಡಮೂಲೆಯಲ್ಲಿ ‘← ಛೇ-2’ ಎಂಬ ಪಠ್ಯ ಇಟ್ಟು ಅದಕ್ಕೆ ಹಿಂದಿರುಗುವ ಲಿಂಕು ಕೊಡಿ. ಇದಿಲ್ಲದ ಬೋರ್ಡಿನಲ್ಲಿ ಎರಡು ಸಲ ಒತ್ತಿದವರು ದಿಕ್ಕು ತಪ್ಪಿ ಷಿಫ್ಟ್-1 ಒತ್ತಿ ಇಡೀ ಬೋರ್ಡ್ ನೋಡಲು ಹೋಗುತ್ತಾರೆ, ಮತ್ತೆ ಹುಡುಕಾಟ ಶುರು.

ಬಾಣದ ತುದಿ ಎಲ್ಲಿ ಕೂರಬೇಕು

ಛೇದದ ಚಿತ್ರದಲ್ಲಿ ಸೂರಿನ ತುದಿ, ಅಂದರೆ ಪಕ್ಕಾಸಿನ (ಮಾಡಿನ ಇಳಿಜಾರು ಮರ) ಕೊನೆಯೂ ಕೊನೆಯ ರೀಪೂ (ಹೆಂಚು ಹೊರುವ ಅಡ್ಡಪಟ್ಟಿ) ಸೇರುವ ಜಾಗ, ಅಲ್ಲಿಂದ ಬಾಣ ಹೊರಡಬೇಕು. ಬಾಣವನ್ನು ಅಲ್ಲಿಂದ ಎಳೆದರೆ ಅದು ಫೋಟೋದ ಅಂಚಿಗೆ ಹೋಗಿ ಅಂಟಿಕೊಳ್ಳಲು ನೋಡುತ್ತದೆ. ಕಂಟ್ರೋಲ್ ಒತ್ತಿಹಿಡಿದು ಎಳೆದರೆ ಅಂಟದೆ ಬೇಕಾದಲ್ಲಿ ನಿಲ್ಲುತ್ತದೆ ನಿಜ, ಆದರೆ ಆಗ ಅದು ಯಾವುದಕ್ಕೂ ಜೋಡಣೆಯಾಗಿಲ್ಲ. ಫೋಟೋ ಸರಿಸಿದರೆ ಬಾಣ ಅಲ್ಲೇ ಉಳಿಯುತ್ತದೆ.

ಇದಕ್ಕೆ ಒಂದು ಉಂಗುರ ಸಾಕು. ಪಕ್ಕಾಸಿನ ತುದಿಯ ಮೇಲೆ ಒಂದು ಪುಟ್ಟ ವೃತ್ತ ಬರೆಯಿರಿ, ಒಳಗೆ ಬಣ್ಣ ತುಂಬಬೇಡಿ. ವೃತ್ತವನ್ನೂ ಫೋಟೋವನ್ನೂ ಆರಿಸಿ ಗುಂಪು ಮಾಡಿ. ಈಗ ಬಾಣವನ್ನು ವೃತ್ತದಿಂದ ಎಳೆದು ಬಿ-4ರ ಚೌಕಟ್ಟಿಗೆ ಮುಟ್ಟಿಸಿ. ಬಾಣವನ್ನು ಗುಂಪಿನೊಳಗೆ ಸೇರಿಸಬಾರದು. ಛೇದವನ್ನು ಹಿಡಿದು ಒಂದು ಗೇಣು ಪಕ್ಕಕ್ಕೆ ಎಳೆದು ನೋಡಿ: ಉಂಗುರ ಪಕ್ಕಾಸಿನ ತುದಿಯಲ್ಲೇ ಇರಬೇಕು, ಬಾಣ ರಬ್ಬರಿನಂತೆ ಹಿಗ್ಗಿ ಜೊತೆಗೆ ಬರಬೇಕು. ಉಂಗುರ ಹಿಂದೆ ಉಳಿದರೆ ಗುಂಪಾಗಿಲ್ಲ, ಬಾಣ ಹಿಂದೆ ಉಳಿದರೆ ಜೋಡಣೆಯಾಗಿಲ್ಲ. ಪ್ರತಿ ಬಾಣಕ್ಕೂ ಈ ಪರೀಕ್ಷೆ ಮಾಡಿ, ಐದು ಸೆಕೆಂಡಿನ ಕೆಲಸ. ಛೇದದ ಫೋಟೋ ಬದಲಿಸುವ ದಿನ ಗುಂಪು ಬಿಡಿಸಿ, ಫೋಟೋ ಮಾತ್ರ ತೆಗೆದು ಹೊಸದನ್ನು ಹಾಕಿ, ಉಂಗುರವನ್ನು ಹೊಸ ಜಾಗಕ್ಕೆ ಸರಿಸಿ ಮತ್ತೆ ಗುಂಪು ಮಾಡಿ. ಉಂಗುರ ಅದೇ ಆದ್ದರಿಂದ ಬಾಣ ಹೋಗುವುದಿಲ್ಲ.

ಕಟ್ಟಡದ ನಕ್ಷೆ ಓದಿದವರಿಗೆ ಈ ಉಂಗುರ ಹೊಸದಲ್ಲ. ಮುದ್ರಿತ ನಕ್ಷೆಗಳಲ್ಲಿ ವೃತ್ತದ ನಡುವೆ ಗೆರೆ ಎಳೆದು ಮೇಲೆ ಬಿಡಿಚಿತ್ರದ ಸಂಖ್ಯೆ, ಕೆಳಗೆ ಅದು ಯಾವ ಹಾಳೆಯಲ್ಲಿದೆ ಎಂಬ ಸಂಖ್ಯೆ ಬರೆಯುವ ಪದ್ಧತಿ ಕಂಪ್ಯೂಟರಿಗಿಂತ ಹಳೆಯದು. ಬೋರ್ಡಿನಲ್ಲೂ ಉಂಗುರದ ಪಕ್ಕ ‘ಬಿ-4’ ಎಂದು ಬರೆದೇ ಬಿಡಿ. ಲಿಂಕು ಸತ್ತರೂ, ಮುದ್ರಿಸಿ ಕೈಗೆ ಕೊಟ್ಟರೂ ಆ ಬರಹ ದಾರಿ ತೋರಿಸುತ್ತದೆ.

ಬಾಣದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರ ಮೇಲೇ ಬರೆಯಬಹುದು. ಅಲ್ಲಿ ಸಂಬಂಧವನ್ನು ಬರೆಯಿರಿ. ಬಹಳ ಪದ ಬೇಡ. ‘ಹಿಗ್ಗಿಸಿದ್ದು’ ಅಂದರೆ ಅದೇ ಜಾಗ, ದೊಡ್ಡ ಅಳತೆಯಲ್ಲಿ. ‘ಸೀಳಿದ್ದು’ ಅಂದರೆ ನಕ್ಷೆಯನ್ನು ಇಲ್ಲಿ ಕತ್ತರಿಸಿ ಪಕ್ಕದಿಂದ ನೋಡಿದ್ದು. ಇವೆರಡಕ್ಕೆ ಅಖಂಡ ಗೆರೆ. ಅಳತೆಯೊಂದು ಇಲ್ಲಿಂದ ಅಲ್ಲಿಗೆ ಹರಿಯುತ್ತದೆ ಎಂದಾದರೆ ತುಂಡುಗೆರೆ, ಮೇಲೆ ಆ ಅಳತೆಯನ್ನೇ ಬರೆಯಿರಿ. ಚುಕ್ಕಿಗೆರೆ ಹಳತರಿಂದ ಹೊಸತಕ್ಕೆ. ನಾಲ್ಕು ಬಗೆಗಿಂತ ಹೆಚ್ಚು ಮಾಡಿದರೆ ಬರೆದವರಿಗೂ ನೆನಪಿರುವುದಿಲ್ಲ.

ಅಳತೆ ಹೊತ್ತ ತುಂಡುಗೆರೆಯೇ ನಿಜವಾಗಿ ದುಡಿಯುವ ಬಾಣ. ಗಟರನ್ನೇ ತೆಗೆದುಕೊಳ್ಳಿ. ಮನೆಯ ನಕ್ಷೆಯಲ್ಲಿ ಮಾಡಿನ ಒಂದು ಪಾರ್ಶ್ವ 10 ಮೀಟರ್ ಉದ್ದ, ಸೂರು ಸೇರಿ 5 ಮೀಟರ್ ಅಗಲ, ಒಟ್ಟು 50 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಗಂಟೆಗೆ 100 ಮಿ.ಮೀ. ದರದಲ್ಲಿ ಸುರಿದರೆ 5000 ಲೀಟರ್, ಅಂದರೆ ನಿಮಿಷಕ್ಕೆ 83 ಲೀಟರ್. ಈ ಲೆಕ್ಕವನ್ನು ಒಂದು ಪಠ್ಯಪೆಟ್ಟಿಗೆಯಲ್ಲಿ ಬರೆದು ನಕ್ಷೆಗೂ ಗಟರಿನ ಬಿಡಿಚಿತ್ರಕ್ಕೂ ನಡುವೆ ಇಡಿ. ನಕ್ಷೆಯಿಂದ ಪೆಟ್ಟಿಗೆಗೆ ಬರುವ ಬಾಣದ ಮೇಲೆ ‘50 ಚ.ಮೀ.’, ಪೆಟ್ಟಿಗೆಯಿಂದ ಗಟರಿಗೆ ಹೋಗುವ ಬಾಣದ ಮೇಲೆ ‘83 ಲೀ./ನಿ.’. ಸೂರು ಒಂದು ಅಡಿ, ಅಂದರೆ 0.3 ಮೀಟರ್ ಮುಂದೆ ಬಂದರೆ 53 ಚದರ ಮೀಟರ್, ನಿಮಿಷಕ್ಕೆ 88 ಲೀಟರ್. ಗಟರಿಗೆ ಇದು ದೊಡ್ಡ ವ್ಯತ್ಯಾಸವಲ್ಲ, ಅದನ್ನು ಬದಲಿಸಬೇಕಿಲ್ಲ ಎಂಬುದೂ ಬೋರ್ಡಿನ ಮೇಲೇ ತಿಳಿಯಿತು. ಯಾವುದನ್ನು ತಿದ್ದಬೇಕಿಲ್ಲ ಎಂದು ಗೊತ್ತಾಗುವುದೂ ದೊಡ್ಡ ಉಪಕಾರ.

ಸೂರಿನ ಉದಾಹರಣೆಯಲ್ಲಿ ಬಾಣಗಳು ಹೀಗೆ ಹೋಗುತ್ತವೆ: ನ-1ರಿಂದ ಛೇ-2ಕ್ಕೆ ‘ಸೀಳಿದ್ದು’, ಛೇ-2ರ ಉಂಗುರದಿಂದ ಬಿ-4ಕ್ಕೆ ‘ಹಿಗ್ಗಿಸಿದ್ದು’, ಬಿ-4ರಿಂದ ಬ್ರಾಕೆಟ್ಟಿನ ಬಿ-5ಕ್ಕೆ ‘ಸೂರಿನ ತುದಿ 7 ಅಡಿ’, ಛೇ-2ರಿಂದ ಜಾಗದ ನಕ್ಷೆ ಜಾ-1ಕ್ಕೆ ‘ನೀರು ಬೀಳುವ ಗೆರೆ ಗೋಡೆಯಿಂದ ಮೂರೂವರೆ ಅಡಿ’. ಈ ಕೊನೆಯ ಬಾಣವನ್ನು ಜನ ಎಳೆಯುವುದೇ ಇಲ್ಲ. ಮನೆಯ ಚಿತ್ರಗಳು ಒಂದು ಕಡೆ, ಜಾಗದ ಚಿತ್ರ ಇನ್ನೊಂದು ಕಡೆ, ನಡುವೆ ಸಂಬಂಧವೇ ಇಲ್ಲದಂತೆ ಇರುತ್ತವೆ. ನಮ್ಮ ಜಿಲ್ಲೆಯಲ್ಲಿ ಮಾಡಿನ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮಾಡಿನಷ್ಟೇ ಮುಖ್ಯ. ಬೋರ್ಡಿನಲ್ಲಿ ಬೇರೆ ಯಾವ ಬಾಣ ಬಿಟ್ಟರೂ ಇದನ್ನು ಬಿಡಬೇಡಿ.

ಕೆಲವೊಮ್ಮೆ ಬಾಣಗಳು ಸುತ್ತು ಬರುತ್ತವೆ. ಸೂರು ಚರಂಡಿಯ ಜಾಗ ನಿರ್ಧರಿಸುತ್ತದೆ. ಬರೆಗೆ ಇಷ್ಟೇ ಹತ್ತಿರ ಹೋಗಬಹುದು ಎಂಬುದು ಚರಂಡಿಯ ಮೂಲಕ ಸೂರನ್ನು ನಿರ್ಧರಿಸುತ್ತದೆ. ಬೋರ್ಡಿನಲ್ಲಿ ಸುತ್ತು ಕಂಡರೆ ಅದು ಚಿತ್ರದ ತಪ್ಪಲ್ಲ, ನಿರ್ಧಾರ ಇನ್ನೂ ಆಗಿಲ್ಲ ಎಂದರ್ಥ. ಒಂದು ಅಳತೆಯನ್ನು ಕದಲದಂತೆ ಹಿಡಿಯಬೇಕು. ಇಲ್ಲಿ ಹಿಡಿಯಬೇಕಾದದ್ದು ಬರೆಯ ಬುಡದಿಂದ ಚರಂಡಿಗೆ ಇರುವ ದೂರ. ಆ ಅಳತೆಗೆ ಕೆಂಪು ಪೆಟ್ಟಿಗೆ ಹಾಕಿ, ಕಂಟ್ರೋಲ್-ಷಿಫ್ಟ್-ಎಲ್ ಒತ್ತಿ ಬೀಗ ಹಾಕಿ, ಅಲ್ಲಿಂದ ಬಾಣಗಳು ಹೊರಗೆ ಮಾತ್ರ ಹೋಗಲಿ.

ಹದಿನೈದಿಪ್ಪತ್ತು ಚಿತ್ರಗಳಾದ ಮೇಲೆ ಬಾಣಗಳು ಬಲೆಯಾಗುತ್ತವೆ. ಒಂದೇ ಪರದೆಯಲ್ಲಿ ಒಟ್ಟಿಗೆ ಕಾಣುವ ಚಿತ್ರಗಳ ನಡುವೆ ಬಾಣ, ಅದಕ್ಕಿಂತ ದೂರದವಕ್ಕೆ ಉಂಗುರ ಮತ್ತು ಲಿಂಕು. ಉದ್ದ ಬಾಣವೊಂದು ಮೂರು ಚಿತ್ರಗಳ ಮೇಲೆ ಹಾದುಹೋದರೆ ಯಾರೂ ಅದನ್ನು ಹಿಂಬಾಲಿಸುವುದಿಲ್ಲ.

ಹಳೆಯ ಚಿತ್ರವನ್ನು ಅಳಿಸಬೇಡಿ. ಬೋರ್ಡಿನ ಕೆಳಭಾಗದಲ್ಲಿ ‘ಹಳತು’ ಎಂಬ ಚೌಕಟ್ಟು ಮಾಡಿ, ಅಲ್ಲಿಗೆ ಸರಿಸಿ, ಅಪಾರದರ್ಶಕತೆ 30ಕ್ಕೆ ಇಳಿಸಿ. ಪಕ್ಕದಲ್ಲಿ ಏಕೆ ಬಿಟ್ಟದ್ದು ಎಂದು ಒಂದೇ ಸಾಲು: ‘ಗಟರ್ ತಲೆಗೆ ತಗಲುತ್ತದೆ’. ಮುಂದಿನ ವರ್ಷ ಬೇರೊಬ್ಬರು ಅದೇ ಸಲಹೆ ತಂದಾಗ ಈ ಸಾಲು ಅರ್ಧ ದಿನದ ಚರ್ಚೆ ಉಳಿಸುತ್ತದೆ.

ಹೆಸರು, ಅಂಕಿ, ಹುಡುಕಾಟ

ಕಂಟ್ರೋಲ್-ಎಫ್ ಹುಡುಕುವುದು ಟೈಪ್ ಮಾಡಿದ ಪಠ್ಯವನ್ನು ಮಾತ್ರ, ಫೋಟೋದೊಳಗಿನ ಕೈಬರಹ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಹಾಳೆಯ ಮೂಲೆಯ ಗುರುತನ್ನು ಚಿತ್ರದ ಕೆಳಗೆ ಮತ್ತೊಮ್ಮೆ ಟೈಪ್ ಮಾಡಬೇಕು. ಕನ್ನಡದಲ್ಲಿ ಟೈಪ್ ಮಾಡುವಾಗ ಎರಡು ಬಲೆಗಳಿವೆ. ‘೪’ ಮತ್ತು ‘4’ ಹುಡುಕಾಟಕ್ಕೆ ಬೇರೆ ಬೇರೆ ಅಕ್ಷರ. ಒಬ್ಬರು ಬಿ-೪ ಎಂದೂ ಇನ್ನೊಬ್ಬರು ಬಿ-4 ಎಂದೂ ಬರೆದರೆ ಅರ್ಧ ಚಿತ್ರಗಳು ಸಿಗುವುದಿಲ್ಲ. ಯಾವುದಾದರೊಂದನ್ನು ಇಟ್ಟುಕೊಳ್ಳಿ. ಎರಡನೆಯದು ‘ಐನ್‌ಮನೆ’ (ಕೊಡವ ಕುಟುಂಬದ ಮೂಲಮನೆ) ಯಂಥ ಪದ. ನ್ ಮತ್ತು ಮ ಒಂದರ ಕೆಳಗೊಂದು ಸೇರದಿರಲೆಂದು ಕೀಲಿಮಣೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಡುತ್ತದೆ. ಅದಿಲ್ಲದೆ ಬರೆದರೆ ‘ಐನ್ಮನೆ’. ಓದುವವರಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಎರಡು. ಗುರುತುಗಳಲ್ಲಿ ಒತ್ತಕ್ಷರ, ಅರ್ಧಾಕ್ಷರ ಬರದಂತೆ ನೋಡಿಕೊಂಡರೆ ಈ ಗೋಳು ತಪ್ಪುತ್ತದೆ. ನ, ಛೇ, ಬಿ, ಜಾ ಎಂದು ಆರಿಸಿದ್ದು ಅದಕ್ಕೇ.

ಎಕ್ಸ್‌ಕ್ಯಾಲಿಡ್ರಾದ ಕೈಬರಹದ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಪ್ರತಿ ಸಾಧನವೂ ತನ್ನಲ್ಲಿರುವ ಕನ್ನಡ ಫಾಂಟನ್ನೇ ತೋರಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯೊಳಗೆ ಸರಿಯಾಗಿ ಕೂತ ಸಾಲು ಫೋನಿನಲ್ಲಿ ಹೊರಗೆ ಚೆಲ್ಲಬಹುದು. ಪೆಟ್ಟಿಗೆಗಳಲ್ಲಿ ಕಾಲು ಭಾಗ ಖಾಲಿ ಬಿಡಿ. ಬೇರೆಯವರಿಗೆ ಕಳಿಸುವಾಗಲೂ ಇದೇ ತೊಂದರೆ ಬರದಿರಲು ಎಸ್‌ವಿಜಿ ಬಗೆಯ ಕಡತ ಬೇಡ, ಪಿಎನ್‌ಜಿ ಚಿತ್ರ ಇರಲಿ.

ಐನ್‌ಮನೆಯೊಂದರ ದುರಸ್ತಿಯಾದರೆ ಹೆಸರಿನ ಕೆಲಸ ಇನ್ನೂ ದೊಡ್ಡದು. ಮನೆಯ ಹಿರಿಯರು ಕೈಯಾಲೆ ಎನ್ನುವುದನ್ನು ನಕ್ಷೆ ಬರೆದವರು ವರಾಂಡ ಎನ್ನುತ್ತಾರೆ, ಕೆಲಸದವರು ಜಗಲಿ ಎನ್ನುತ್ತಾರೆ. ಕಂಬಗಳ ನಡುವಿನ ಅಗಲದ ಮರದ ಹಲಗೆ ಐಮರ. ಅದನ್ನು ‘ಸೀಟು’ ಎಂದು ಬರೆದುಬಿಟ್ಟರೆ ಅದರ ಗೌರವವೂ ಹೋಯಿತು, ಅದನ್ನು ಕಿತ್ತು ಬೇರೆ ಹಾಕಬಹುದೆಂಬ ಭಾವನೆಯೂ ಬಂತು. ನೆಲ್ಲಕ್ಕಿ ನಡುಬಾಡೆ, ಕನ್ನಿಕೊಂಬರೆ ಇವು ಬರೀ ಹಾಲ್, ಬರೀ ರೂಮ್ ಅಲ್ಲ. ದೀಪದ ಜಾಗ, ಗುರುಕಾರಣರ (ಕುಟುಂಬದ ಹಿರಿಯ ಪೂರ್ವಜರ) ಜಾಗ. ಆ ಚಿತ್ರಗಳ ಚೌಕಟ್ಟಿಗೆ ಮನೆಯವರು ಹೇಳುವ ಹೆಸರನ್ನೇ ಇಡಿ, ಉಳಿದ ಹೆಸರುಗಳನ್ನು ಕೆಳಗೆ ಸಣ್ಣ ಪಠ್ಯದಲ್ಲಿ ಸೇರಿಸಿ. ಯಾರು ಯಾವ ಹೆಸರಲ್ಲಿ ಹುಡುಕಿದರೂ ಒಂದೇ ಚಿತ್ರ ಸಿಗುತ್ತದೆ.

ಕೆಲಸದ ಜಾಗಕ್ಕೆ ಕಳಿಸುವಾಗ

ಮೇಸ್ತ್ರಿಗೂ ಆಚಾರಿಗೂ ಬೋರ್ಡಿನ ಲಿಂಕು ಕಳಿಸಿ ಪ್ರಯೋಜನವಿಲ್ಲ. ಕೈ ಒದ್ದೆ, ಪರದೆ ಚಿಕ್ಕದು, ಕಣಿವೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅವರ ಕೆಲಸದ ಚೌಕಟ್ಟನ್ನು ಮಾತ್ರ ಆರಿಸಿ ಪಿಎನ್‌ಜಿಯಾಗಿ ರಫ್ತು ಮಾಡಿ, ಅಳತೆ 2 ಅಥವಾ 3 ಪಟ್ಟು ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ರಫ್ತು ಮಾಡುವಾಗ ದೃಶ್ಯವನ್ನು ಚಿತ್ರದೊಳಗೇ ಸೇರಿಸುವ ಆಯ್ಕೆ ಇದೆ. ಅದನ್ನು ಗುರುತು ಹಾಕಿದರೆ ಆ ಪಿಎನ್‌ಜಿಯನ್ನೇ ಮತ್ತೆ ಎಕ್ಸ್‌ಕ್ಯಾಲಿಡ್ರಾದಲ್ಲಿ ತೆರೆದು ತಿದ್ದಬಹುದು. ಆದರೆ ಫೋಟೋ ಎಂದು ಕಳಿಸಿ ಕುಗ್ಗಿದ ಪ್ರತಿಯಲ್ಲಿ ಆ ಮಾಹಿತಿ ಉಳಿಯುವುದಿಲ್ಲ, ಬರೀ ಚಿತ್ರ ಉಳಿಯುತ್ತದೆ.

ಸಹೋದ್ಯೋಗಿಯ ಜೊತೆ ಒಟ್ಟಿಗೆ ಕೂತು ತಿದ್ದುವ ಲಿಂಕಿನಲ್ಲಿ ಹ್ಯಾಶ್ ಗುರುತಿನ ನಂತರ ಒಂದು ಕೋಣೆಯ ಸಂಖ್ಯೆ, ಅಲ್ಪವಿರಾಮ, ಆಮೇಲೆ ಒಂದು ಕೀಲಿ ಇರುತ್ತದೆ. ಗುಟ್ಟಿನ ಲಿಪಿಯಲ್ಲಿರುವ ಬೋರ್ಡನ್ನು ತೆರೆದು ಓದುವುದು ಆ ಕೀಲಿಯಿಂದಲೇ, ಅದು ಸರ್ವರಿಗೆ ಹೋಗುವುದೇ ಇಲ್ಲ. ಲಿಂಕನ್ನು ಅರ್ಧ ನಕಲು ಮಾಡಿ ಕಳಿಸಿದರೆ ಆಚೆಯವರಿಗೆ ಏನೂ ತೆರೆಯುವುದಿಲ್ಲ. ಬೋರ್ಡ್ ಕೆಟ್ಟಿದೆ ಎಂದುಕೊಳ್ಳುವ ಮುಂಚೆ ಲಿಂಕಿನ ಬಾಲ ನೋಡಿ.

ಇನ್ನು ಉಳಿಸುವ ವಿಷಯ. ಖಾತೆಯಿಲ್ಲದೆ ಬಳಸುವಾಗ ಬೋರ್ಡ್ ಇರುವುದು ನಿಮ್ಮ ಬ್ರೌಸರಿನೊಳಗೆ. ಬ್ರೌಸರಿನ ದತ್ತಾಂಶ ಅಳಿಸಿದರೆ ಬೋರ್ಡೂ ಹೋಯಿತು. ಕೆಲಸ ಮುಗಿದಾಗಲೆಲ್ಲ ಕಂಟ್ರೋಲ್-ಎಸ್ ಒತ್ತಿ ಕಡತವಾಗಿ ಉಳಿಸಿ. ಕ್ರೋಮಿನಲ್ಲಿ ಇದನ್ನು ಆ್ಯಪ್ ಆಗಿ ಸ್ಥಾಪಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ತೆರೆಯುತ್ತದೆ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ವಾರದಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ. ಆದರೆ ಹೀಗೆ ಇಬ್ಬರು ಬೇರೆ ಬೇರೆಯಾಗಿ ಒಂದೇ ಕಡತ ತಿದ್ದಿದರೆ ಎರಡನ್ನೂ ಒಂದು ಮಾಡಿಕೊಡುವ ವ್ಯವಸ್ಥೆ ಇಲ್ಲ. ಒಂದು ಕಡತಕ್ಕೆ ಒಬ್ಬರೇ ಹೊಣೆ, ಉಳಿದವರು ತಮ್ಮ ತಿದ್ದುಪಡಿಯನ್ನು ಬೇರೆ ಕಡತದಲ್ಲಿ ಕೊಡಲಿ. ಅದರಿಂದ ತರುವಾಗ ಬಾಣ ಮತ್ತು ಅದರ ಎರಡೂ ತುದಿಯ ವಸ್ತುಗಳನ್ನು ಒಟ್ಟಿಗೆ ಆರಿಸಿ ನಕಲು ಮಾಡಬೇಕು, ಆಗ ಜೋಡಣೆ ಉಳಿಯುತ್ತದೆ.

ಗೂಗಲ್ ಜ್ಯಾಮ್‌ಬೋರ್ಡ್ ಎಂಬ ಇಂಥದೇ ವೈಟ್‌ಬೋರ್ಡ್ 2024ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಅದರಲ್ಲಿದ್ದ ಬೋರ್ಡುಗಳನ್ನು ಪಿಡಿಎಫ್ ಆಗಿ ಇಟ್ಟುಕೊಂಡವರಿಗೆ ಚಿತ್ರ ಉಳಿಯಿತು, ತಿದ್ದುವ ಬೋರ್ಡ್ ಉಳಿಯಲಿಲ್ಲ. ಹಾಳೆಯ ಮೂಲೆಯಲ್ಲಿ ಬಿ-4 ಎಂದೂ, ಉಂಗುರದ ಪಕ್ಕದಲ್ಲಿ ಬಿ-4 ಎಂದೂ ಕೈಯಲ್ಲೇ ಬರೆದಿದ್ದರೆ ಆ ಪಿಡಿಎಫ್‌ನಿಂದಲೂ ಇಡೀ ಜೋಡಣೆಯನ್ನು ಒಂದು ಮಧ್ಯಾಹ್ನದಲ್ಲಿ ಮತ್ತೆ ಕಟ್ಟಬಹುದು. ಎಕ್ಸ್‌ಕ್ಯಾಲಿಡ್ರಾದ ಕಡತ ಸಾದಾ ಪಠ್ಯ, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಆದರೂ ತಿಂಗಳಿಗೊಮ್ಮೆ ಎಲ್ಲ ಚೌಕಟ್ಟುಗಳ ಪಿಎನ್‌ಜಿಯನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಮೂಲ ಹಾಳೆಗಳ ಜೊತೆ ಅದೇ ರಟ್ಟಿನ ಕಡತದಲ್ಲಿಡಿ. ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ, ಜೂನ್ ಬರುವ ಮೊದಲು ಅದನ್ನು ಬದಲಿಸಿ.